ಸಣ್ಣ ಜಾಲತಾಣಕ್ಕೆ ಓದುಗರು ಬರುವುದು ಎಲ್ಲಿಂದ?

2024ರ ಮೇ ತಿಂಗಳಲ್ಲಿ ಗೂಗಲ್ ತನ್ನ ಹುಡುಕಾಟದ ಪುಟದಲ್ಲಿ ದೊಡ್ಡದೊಂದು ಬದಲಾವಣೆ ಮಾಡಿತು. ಏನಾದರೂ ಕೇಳಿದರೆ ಲಿಂಕ್‌ಗಳ ಪಟ್ಟಿ ಬರುತ್ತಿದ್ದ ಜಾಗದಲ್ಲಿ, ಎಷ್ಟೋ ಪ್ರಶ್ನೆಗಳಿಗೆ ಎಐ ಬರೆದ ಸಾರಾಂಶವೇ ಮೊದಲು ಕಾಣತೊಡಗಿತು. ಅಮೆರಿಕದಲ್ಲಿ ಶುರುವಾದದ್ದು ಆ ವರ್ಷ ಮುಗಿಯುವುದರೊಳಗೆ ನೂರಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಉತ್ತರ ಅಲ್ಲೇ ಸಿಕ್ಕಿಬಿಟ್ಟರೆ ಕೆಳಗಿನ ಲಿಂಕ್ ಒತ್ತುವ ಅಗತ್ಯ ಅನೇಕರಿಗೆ ಬೀಳುವುದಿಲ್ಲ.

ಬ್ಲಾಗ್ ಬರೆಯುವವರಿಗೆ, ಸಣ್ಣ ಜಾಲತಾಣ ನಡೆಸುವವರಿಗೆ ಇದು ನೇರವಾಗಿ ತಟ್ಟುವ ವಿಷಯ. ಚೆನ್ನಾಗಿ ಬರೆದರೆ ಸಾಕು, ಗೂಗಲ್ ಜನರನ್ನು ಕಳಿಸುತ್ತದೆ ಎಂದುಕೊಂಡು ಪ್ರಚಾರದ ಗೋಜಿಗೇ ಹೋಗದಿದ್ದವರೂ ಈಗ ಆ ಕಡೆ ನೋಡಬೇಕಾಗಿದೆ. ಆದರೆ ಆನ್‌ಲೈನ್ ಮಾರ್ಕೆಟಿಂಗ್ ಎಂದು ಹುಡುಕಿದರೆ ಎದುರಾಗುವುದು ಬರೀ ಸಂಕ್ಷಿಪ್ತ ಅಕ್ಷರಗಳ ರಾಶಿ, ಜೊತೆಗೆ ದಿಢೀರ್ ಯಶಸ್ಸಿನ ಭರವಸೆ. ಅದನ್ನೆಲ್ಲ ಪಕ್ಕಕ್ಕಿಟ್ಟು ಬುಡದಿಂದ ನೋಡೋಣ.

ಬರುವ ದಾರಿಗಳು

ಒಂದು ಪುಟಕ್ಕೆ ಓದುಗರು ಬರುವ ದಾರಿಗಳು ಬೆರಳೆಣಿಕೆಯಷ್ಟು. ಸರ್ಚ್ ಎಂಜಿನ್‌ನಲ್ಲಿ ಹುಡುಕಿ ಬರುತ್ತಾರೆ. ಬೇರೆ ತಾಣದಲ್ಲೋ ಸಾಮಾಜಿಕ ಜಾಲತಾಣದಲ್ಲೋ ಯಾರೋ ಹಾಕಿದ ಲಿಂಕ್ ಒತ್ತಿ ಬರುತ್ತಾರೆ. ಹಿಂದೆ ಬಂದವರು ವಿಳಾಸ ನೆನಪಿಟ್ಟುಕೊಂಡು, ಇಲ್ಲವೇ ನಿಮ್ಮ ಇಮೇಲ್ ನೋಡಿ ಮತ್ತೆ ಬರುತ್ತಾರೆ. ಕೊನೆಯದು ಜಾಹೀರಾತು.

ಮಾರ್ಕೆಟಿಂಗ್ ಎಂಬ ದೊಡ್ಡ ಹೆಸರಿನಡಿ ನಡೆಯುವುದೆಲ್ಲ ಈ ದಾರಿಗಳಲ್ಲಿ ಯಾವುದನ್ನಾದರೂ ಅಗಲ ಮಾಡುವ ಕೆಲಸ. ಇವು ಒಂದೇ ತರಹದ ದಾರಿಗಳಲ್ಲ ಎಂಬುದು ಮುಖ್ಯ. ಹುಡುಕಿ ಬಂದವರ ಮನಸ್ಸಿನಲ್ಲಿ ಆಗಲೇ ಒಂದು ಪ್ರಶ್ನೆ ಇರುತ್ತದೆ. ಸಾಮಾಜಿಕ ಜಾಲತಾಣದಿಂದ ಬಂದವರು ಬೇರೇನೋ ನೋಡುತ್ತಿದ್ದವರು, ಕಣ್ಣಿಗೆ ಬಿತ್ತೆಂದು ಬಂದರು. ಇಮೇಲ್‌ನಿಂದ ಬಂದವರು ನಿಮ್ಮನ್ನು ಬಲ್ಲವರು. ಮೂವರಿಗೂ ಒಂದೇ ಬಗೆಯ ಬರಹ, ಒಂದೇ ಬಗೆಯ ಆಹ್ವಾನ ಹೊಂದುವುದಿಲ್ಲ.

ಸರ್ಚ್ ಎಂಜಿನ್ ಒಳಗೆ ಏನಾಗುತ್ತದೆ

ನೀವು ಹುಡುಕಿದ ಕ್ಷಣದಲ್ಲಿ ಗೂಗಲ್ ಇಡೀ ಅಂತರ್ಜಾಲವನ್ನು ಜಾಲಾಡುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಹಾಗೇನೂ ಇಲ್ಲ. ಕ್ರಾಲರ್ ಎಂಬ ತಂತ್ರಾಂಶ ಮೊದಲೇ ಲಿಂಕ್‌ನಿಂದ ಲಿಂಕ್‌ಗೆ ಹಾಯುತ್ತಾ ಪುಟಗಳನ್ನು ಓದಿಕೊಂಡು ಬಂದಿರುತ್ತದೆ. ಓದಿದ್ದನ್ನು ಇಂಡೆಕ್ಸ್‌ನಲ್ಲಿ ಸೇರಿಸುತ್ತದೆ. ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವಂಥದ್ದು, ಇಂಡೆಕ್ಸ್ ಹೆಚ್ಚುಕಡಿಮೆ ಅದೇ. ನೀವು ಹುಡುಕಿದಾಗ ಗೂಗಲ್ ತೆರೆದು ನೋಡುವುದು ಈ ಸೂಚಿಯನ್ನು. ಆಮೇಲಿನ ಹಂತ ರ‍್ಯಾಂಕಿಂಗ್, ಅಂದರೆ ಹೊಂದುವ ಪುಟಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವುದು.

ಹಾಗಾಗಿ ಪುಟವೊಂದು ಹುಡುಕಾಟದಲ್ಲಿ ಕಾಣದಿದ್ದರೆ ಕಾರಣ ಈ ಮೂರರಲ್ಲಿ ಎಲ್ಲಾದರೂ ಇರಬಹುದು. ಕ್ರಾಲರ್‌ಗೆ ಪುಟ ಸಿಕ್ಕೇ ಇಲ್ಲ. ಸಿಕ್ಕಿದೆ, ಇಂಡೆಕ್ಸ್‌ಗೆ ಸೇರಿಸಿಲ್ಲ. ಸೇರಿಸಿದೆ, ಆದರೆ ಸ್ಥಾನ ಬಹಳ ಕೆಳಗಿದೆ. ಇವುಗಳಲ್ಲಿ ಯಾವುದು ಎಂದು ತಿಳಿಯದೆ ಶೀರ್ಷಿಕೆ ಬದಲಿಸುತ್ತಾ ಕೂರುವುದು ವ್ಯರ್ಥ ಶ್ರಮ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ನಿಮ್ಮ ತಾಣವನ್ನು ನೋಂದಾಯಿಸಿ ಪುಟದ ವಿಳಾಸ ಕೊಟ್ಟರೆ, ಅದು ಯಾವ ಹಂತದಲ್ಲಿ ನಿಂತಿದೆ ಎಂದು ನೇರವಾಗಿ ಹೇಳುತ್ತದೆ. ತಾಣದ ಎಲ್ಲ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಅನ್ನೂ ಅಲ್ಲೇ ಸಲ್ಲಿಸಬಹುದು. ವರ್ಡ್‌ಪ್ರೆಸ್, ಬ್ಲಾಗರ್‌ನಂಥ ವ್ಯವಸ್ಥೆಗಳು ಈ ಪಟ್ಟಿಯನ್ನು ತಾವೇ ಸಿದ್ಧಪಡಿಸುತ್ತವೆ. ಹೊಸ ಬ್ಲಾಗಿಗರು ಪ್ರಚಾರಕ್ಕೆಂದು ಮೊದಲು ಒಂದು ಗಂಟೆ ಕೊಡುವುದಾದರೆ ಅದನ್ನು ಸರ್ಚ್ ಕನ್ಸೋಲ್‌ಗೆ ಕೊಡಲಿ ಎಂಬುದು ನನ್ನ ಸಲಹೆ.

ಓದುಗರ ಬಾಯಲ್ಲಿರುವ ಮಾತು

ಎಸ್‌ಇಒ ಎಂದರೆ ಸರ್ಚ್ ಎಂಜಿನ್‌ಗೆ ಪುಟ ಸುಲಭವಾಗಿ ಅರ್ಥವಾಗುವಂತೆ, ಸರಿಯಾದ ಓದುಗರಿಗೆ ಸಿಗುವಂತೆ ಮಾಡುವ ಕೆಲಸ. ಅದರ ಜೀವಾಳ ಕೀವರ್ಡ್, ಅಂದರೆ ಜನ ಹುಡುಕುವಾಗ ಟೈಪ್ ಮಾಡುವ ಪದಗಳು.

ಉದಾಹರಣೆಗೆ ಸೈಕಲ್ ರಿಪೇರಿ ಬಗ್ಗೆ ಒಬ್ಬರು ಬ್ಲಾಗ್ ಬರೆಯುತ್ತಾರೆ ಎಂದುಕೊಳ್ಳಿ. ಅವರ ಲೇಖನದ ಶೀರ್ಷಿಕೆ ‘ಚಾಲನಾ ವ್ಯವಸ್ಥೆಯ ನಿರ್ವಹಣೆ: ಕೆಲವು ಚಿಂತನೆಗಳು’. ವಿಷಯ ಎಷ್ಟೇ ಚೆನ್ನಾಗಿದ್ದರೂ ಈ ಪದಗಳನ್ನು ಯಾರೂ ಹುಡುಕುವುದಿಲ್ಲ. ಕೈಗೆ ಗ್ರೀಸ್ ಮೆತ್ತಿಕೊಂಡು ಫೋನ್ ಎತ್ತಿಕೊಂಡವರು ಟೈಪ್ ಮಾಡುವುದು ‘ಸೈಕಲ್ ಚೈನ್ ಪದೇ ಪದೇ ಕಳಚುತ್ತೆ ಯಾಕೆ’ ಎಂದು. ಲೇಖನದ ಹೆಸರು ‘ಸೈಕಲ್ ಚೈನ್ ಪದೇ ಪದೇ ಕಳಚುವುದೇಕೆ, ಸರಿ ಮಾಡುವುದು ಹೇಗೆ’ ಎಂದಿದ್ದರೆ ಪ್ರಶ್ನೆಗೂ ಪುಟಕ್ಕೂ ನಂಟು ಕೂಡುತ್ತದೆ.

‘ಸೈಕಲ್’ ಎಂಬ ಒಂದೇ ಪದಕ್ಕೆ ದೊಡ್ಡ ಕಂಪನಿಗಳು, ವಿಶ್ವಕೋಶಗಳು, ಮಾರಾಟದ ತಾಣಗಳು ಪೈಪೋಟಿ ನಡೆಸುತ್ತಿರುತ್ತವೆ. ಸಣ್ಣ ತಾಣಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ. ನಾಲ್ಕೈದು ಪದಗಳ ನಿಖರವಾದ ಪ್ರಶ್ನೆಯನ್ನು ಹುಡುಕುವವರು ಕಡಿಮೆ, ಪೈಪೋಟಿಯೂ ಕಡಿಮೆ. ಬಂದವರಿಗೆ ಬೇಕಾದದ್ದು ಖಚಿತವಾಗಿ ಅಲ್ಲೇ ಇರುತ್ತದೆ. ಇಂಥ ಉದ್ದನೆಯ ಹುಡುಕಾಟಗಳಿಗೆ ಈ ರಂಗದಲ್ಲಿ ಲಾಂಗ್‌ಟೇಲ್ ಎನ್ನುತ್ತಾರೆ. ಸಣ್ಣ ತಾಣಗಳ ಅನ್ನ ಇರುವುದು ಇಲ್ಲಿ.

ಇಂಥ ಪ್ರಶ್ನೆಗಳು ಸಿಗುವುದೆಲ್ಲಿ? ಗೂಗಲ್‌ನಲ್ಲಿ ಟೈಪ್ ಮಾಡಲು ಶುರು ಮಾಡಿದಾಗ ಅದು ತಾನಾಗಿ ಸೂಚಿಸುವ ಸಾಲುಗಳನ್ನು ನೋಡಿ. ಫಲಿತಾಂಶಗಳ ನಡುವೆ ಜನರು ಕೇಳುವ ಸಂಬಂಧಿತ ಪ್ರಶ್ನೆಗಳ ಪಟ್ಟಿಯೂ ಬರುತ್ತದೆ. ಓದುಗರು ನಿಮಗೆ ಬರೆಯುವ ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಇರುವ ಮಾತು ಇವೆಲ್ಲಕ್ಕಿಂತ ಬೆಲೆಬಾಳುವಂಥದ್ದು. ಅವರು ಬಳಸಿದ ಪದವನ್ನು ತಿದ್ದದೆ ಹಾಗೇ ಬರೆದಿಟ್ಟುಕೊಳ್ಳಿ.

ಹುಡುಕಾಟದ ಹಿಂದಿನ ಉದ್ದೇಶವನ್ನೂ ಗಮನಿಸಬೇಕು. ಚೈನ್ ಕಳಚುವುದೇಕೆ ಎಂದು ಕೇಳುವವರಿಗೆ ಕಾರಣ ಬೇಕು: ಚೈನ್ ಸಡಿಲವಾಗಿದೆಯೋ, ಹಲ್ಲು ಸವೆದಿದೆಯೋ, ಗೇರ್ ಹೊಂದಾಣಿಕೆ ತಪ್ಪಿದೆಯೋ. ‘ಯಾವ ಚೈನ್ ಒಳ್ಳೆಯದು’ ಎಂದು ಕೇಳುವವರು ಕೊಳ್ಳುವ ಯೋಚನೆಯಲ್ಲಿದ್ದಾರೆ, ಅವರಿಗೆ ಹೋಲಿಕೆ ಬೇಕು. ಮೊದಲನೆಯವರ ಎದುರು ಮಾರಾಟದ ಪುಟ ಇಟ್ಟರೆ ಬಂದ ದಾರಿಯಲ್ಲೇ ಹಿಂದೆ ಹೋಗುತ್ತಾರೆ.

ಇನ್ನು ಪುಟದ ಕಟ್ಟಣೆ. ಫಲಿತಾಂಶದಲ್ಲಿ ಕಾಣುವ ಶೀರ್ಷಿಕೆ ಸ್ಪಷ್ಟವಾಗಿರಬೇಕು. ಒಳಗೆ ಉಪಶೀರ್ಷಿಕೆಗಳಿರಲಿ. ಚಿತ್ರಗಳಿಗೆ ಆಲ್ಟ್ ಪಠ್ಯ, ಅಂದರೆ ಚಿತ್ರದಲ್ಲಿ ಏನಿದೆ ಎಂಬ ಸಣ್ಣ ವಿವರಣೆ ಕೊಡಿ. ಅದು ಮೊದಲು ಉಪಯೋಗಕ್ಕೆ ಬರುವುದು ತೆರೆ ಓದುವ ತಂತ್ರಾಂಶ ಬಳಸುವ ದೃಷ್ಟಿ ಸಮಸ್ಯೆಯುಳ್ಳವರಿಗೆ, ಜೊತೆಗೆ ಸರ್ಚ್ ಎಂಜಿನ್‌ಗೂ. ಮೆಟಾ ವಿವರಣೆ ಎಂಬುದು ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಕಾಣಲೆಂದು ಬರೆಯುವ ಒಂದೆರಡು ಸಾಲು. ಗೂಗಲ್ ಅನೇಕ ಸಲ ಅದನ್ನು ಬಿಟ್ಟು ಪುಟದಿಂದಲೇ ಸಾಲು ಆರಿಸಿಕೊಳ್ಳುತ್ತದೆ, ಆದರೂ ಬರೆದಿಡುವುದು ಒಳ್ಳೆಯದು. ಮೆಟಾ ಕೀವರ್ಡ್ ಎಂಬ ಇನ್ನೊಂದು ಜಾಗದಲ್ಲಿ ಹತ್ತಾರು ಪದ ತುಂಬಿಸುವ ಅಭ್ಯಾಸ ಇನ್ನೂ ಉಳಿದಿದೆ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಒಂದೇ ಪದವನ್ನು ಲೇಖನದ ತುಂಬಾ ತುರುಕುವುದಂತೂ ಗೂಗಲ್‌ನ ಸ್ಪ್ಯಾಮ್ ನಿಯಮಗಳ ಉಲ್ಲಂಘನೆ.

ಫೋನು, ವೇಗ

ಗೂಗಲ್ ಈಗ ನಿಮ್ಮ ತಾಣವನ್ನು ಅಳೆಯುವುದು ಮೊಬೈಲ್‌ನಲ್ಲಿ ಕಾಣುವ ರೂಪದಿಂದ. 2016ರಲ್ಲಿ ಘೋಷಿಸಿದ ಈ ಬದಲಾವಣೆಯನ್ನು 2023ರಲ್ಲಿ ಪೂರ್ತಿ ಮಾಡಿತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಓದುತ್ತಿರುವಾಗ ಸಾಲುಗಳು ಅತ್ತಿತ್ತ ಜಿಗಿಯಬಾರದು ಎಂಬುದು ಅದು ಇಟ್ಟಿರುವ ಅಳತೆ. ಸಣ್ಣ ತಾಣಗಳು ನಿಧಾನವಾಗುವುದಕ್ಕೆ ಸಾಮಾನ್ಯ ಕಾರಣ ಕ್ಯಾಮೆರಾದಿಂದ ತೆಗೆದು ಹಾಗೇ ಏರಿಸಿದ ಭಾರೀ ಚಿತ್ರಗಳು. ಏರಿಸುವ ಮುನ್ನ ಕುಗ್ಗಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಉಚಿತ ಪುಟದಲ್ಲಿ ನಿಮ್ಮ ವಿಳಾಸ ಕೊಟ್ಟು ಪರೀಕ್ಷಿಸಬಹುದು.

ಲಿಂಕ್ ಎಂಬ ಶಿಫಾರಸು

1990ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅವರ ಮುಖ್ಯ ಯೋಚನೆ ಇದು: ಒಂದು ಪುಟಕ್ಕೆ ಬೇರೆಯವರು ಲಿಂಕ್ ಕೊಟ್ಟಿದ್ದಾರೆ ಎಂದರೆ ಅದೊಂದು ಶಿಫಾರಸು. ಶಿಫಾರಸು ಮಾಡಿದ ಪುಟಕ್ಕೇ ಹೆಚ್ಚು ಶಿಫಾರಸುಗಳಿದ್ದರೆ ಅದರ ಮಾತಿಗೆ ತೂಕ ಜಾಸ್ತಿ. ಪೇಜ್‌ರ‍್ಯಾಂಕ್ ಎಂದು ಹೆಸರಾದ ಈ ಲೆಕ್ಕಾಚಾರದ ಮೇಲೆ 1998ರಲ್ಲಿ ಗೂಗಲ್ ಕಂಪನಿ ನಿಂತಿತು. ಇಂದು ರ‍್ಯಾಂಕಿಂಗ್‌ಗೆ ಇನ್ನೂ ಅನೇಕ ಅಂಶಗಳು ಸೇರಿವೆ, ಲಿಂಕ್ ಕೂಡ ಉಳಿದಿದೆ.

ಶಿಫಾರಸಿಗೆ ಬೆಲೆ ಇದೆ ಎಂದು ಗೊತ್ತಾದ ಮೇಲೆ ಅದನ್ನು ಮಾರುವವರು ಹುಟ್ಟಿಕೊಂಡರು. ಸಾವಿರ ಲಿಂಕ್ ಕೊಡಿಸುತ್ತೇವೆ ಎಂಬ ಇಮೇಲ್ ಸಣ್ಣ ತಾಣ ನಡೆಸುವವರಿಗೆಲ್ಲ ಬರುತ್ತಲೇ ಇರುತ್ತದೆ. ಇಂಥ ಕೃತಕ ಲಿಂಕ್‌ಗಳನ್ನು ಹಿಡಿಯಲೆಂದೇ 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಅದರ ಹಿಂದಿನ ವರ್ಷ ಬಂದ ಪಾಂಡಾ, ತೆಳು ಬರಹಗಳನ್ನು ರಾಶಿ ಹಾಕುವ ತಾಣಗಳನ್ನು ಕೆಳಗಿಳಿಸಿತ್ತು. ಕೊಂಡ ಲಿಂಕ್‌ನಿಂದ ಇಂದು ಲಾಭವಾಗದೆ ಹೋಗಬಹುದು, ತಾಣವೇ ಫಲಿತಾಂಶಗಳಿಂದ ಜಾರಲೂಬಹುದು. ಹಣ ಪಡೆದು ನೀವೇ ಯಾರಿಗಾದರೂ ಲಿಂಕ್ ಕೊಟ್ಟರೆ, ಅದು ಪ್ರಾಯೋಜಿತ ಎಂದು ಸರ್ಚ್ ಎಂಜಿನ್‌ಗೆ ತಿಳಿಸುವ ಗುರುತನ್ನು ಸೇರಿಸಬೇಕು, ಓದುಗರಿಗೂ ಹೇಳಬೇಕು.

ಪ್ರಾಮಾಣಿಕವಾಗಿ ಲಿಂಕ್ ಸಿಗುವುದು ನಿಧಾನ. ಬೇರೆಲ್ಲೂ ಇಲ್ಲದ ಮಾಹಿತಿ ನಿಮ್ಮಲ್ಲಿದ್ದರೆ ಜನ ಅದನ್ನು ತೋರಿಸುತ್ತಾರೆ: ನೀವೇ ಮಾಡಿದ ಅಳತೆ, ನೀವೇ ತೆಗೆದ ಹಂತಹಂತದ ಚಿತ್ರ, ನೀವೇ ಸೇರಿಸಿದ ಪಟ್ಟಿ. ಅದೇ ವಿಷಯದ ಇತರ ಬ್ಲಾಗಿಗರ ಪರಿಚಯ ಮಾಡಿಕೊಳ್ಳುವುದು, ಅವರ ತಾಣಕ್ಕೆ ಅತಿಥಿಯಾಗಿ ಬರೆಯುವುದೂ ಸಹಾಯಕ್ಕೆ ಬರುತ್ತದೆ. ಎಲ್ಲಕ್ಕಿಂತ ಸುಲಭದ್ದನ್ನು ಬಹಳ ಜನ ಮರೆಯುತ್ತಾರೆ: ನಿಮ್ಮದೇ ಹಳೆಯ ಲೇಖನಗಳಿಂದ ಹೊಸದಕ್ಕೆ ಲಿಂಕ್ ಕೊಡುವುದು. ಎಲ್ಲಿಂದಲೂ ಲಿಂಕ್ ಇಲ್ಲದ ಪುಟ ಕ್ರಾಲರ್‌ಗೂ ಸಿಗುವುದು ಕಷ್ಟ, ಓದುಗರಿಗೂ ಕಷ್ಟ.

ಎಐ ಉತ್ತರ ಕೊಟ್ಟರೆ ನಮಗೇನು ಉಳಿಯುತ್ತದೆ

ಒಂದು ಸಾಲಿನಲ್ಲಿ ಮುಗಿಯುವ ಪ್ರಶ್ನೆಗಳಿಗೆ, ಅಂದರೆ ಪದದ ಅರ್ಥ, ದಿನಾಂಕ, ಅಳತೆಯ ಪರಿವರ್ತನೆಯಂಥವಕ್ಕೆ ಓದುಗರು ಪುಟದ ತನಕ ಬರುವ ಸಾಧ್ಯತೆ ಕಡಿಮೆ. ಇಂಥ ಪುಟಗಳನ್ನೇ ನಂಬಿದ ತಾಣಕ್ಕೆ ಪೆಟ್ಟು ಹೆಚ್ಚು. ಎಐ ಬರೆಯುವ ಸಾರಾಂಶ ಈಗಾಗಲೇ ಬರೆದಿಟ್ಟ ಪುಟಗಳಿಂದ ಹೆಣೆದದ್ದು, ಹಾಗಾಗಿ ಮಾಡಿ ನೋಡಿದವರ ಅನುಭವಕ್ಕೆ ಅದು ಬದಲಿಯಾಗುವುದಿಲ್ಲ. ಚೈನ್ ಕಳಚಲು ಇರುವ ಸಾಮಾನ್ಯ ಕಾರಣಗಳನ್ನು ಅದು ಹೇಳುತ್ತದೆ. ಸವೆದ ಹಲ್ಲು ಹೇಗೆ ಕಾಣುತ್ತದೆ, ಯಾವ ತಿರುಪನ್ನು ಎಷ್ಟು ತಿರುಗಿಸಿದಾಗ ಏನಾಯಿತು ಎಂದು ಚಿತ್ರ ಸಮೇತ ತೋರಿಸಬೇಕಾದವರು ಆ ಕೆಲಸ ಮಾಡಿದವರೇ. ತನ್ನ ಫಲಿತಾಂಶಗಳ ಗುಣಮಟ್ಟ ಪರೀಕ್ಷಿಸುವವರಿಗೆ ಗೂಗಲ್ ಕೊಡುವ ಮಾರ್ಗಸೂಚಿಯಲ್ಲಿ ಪರಿಣತಿ, ಅಧಿಕೃತತೆ, ವಿಶ್ವಾಸಾರ್ಹತೆಗಳ ಜೊತೆಗೆ 2022ರ ಡಿಸೆಂಬರ್‌ನಲ್ಲಿ ಅನುಭವವೂ ಸೇರಿತು.

ಸಾರಾಂಶದ ಪಕ್ಕದಲ್ಲಿ ಮೂಲ ಪುಟಗಳ ಲಿಂಕ್‌ಗಳೂ ಇರುತ್ತವೆ. ಅಲ್ಲಿ ಜಾಗ ಪಡೆಯಲು ಮಂತ್ರವಿದ್ಯೆ ಕಲಿಸುತ್ತೇವೆ ಎನ್ನುವವರನ್ನು ನಂಬಬೇಕಾಗಿಲ್ಲ. ವಿಶೇಷ ತಾಂತ್ರಿಕ ಸಿದ್ಧತೆ ಏನೂ ಬೇಡ, ಸಾಮಾನ್ಯ ಹುಡುಕಾಟಕ್ಕೆ ಬೇಕಾದ್ದೇ ಇಲ್ಲೂ ಬೇಕು ಎಂಬುದು ಗೂಗಲ್‌ನ ಮಾತು.

ಸಾಮಾಜಿಕ ಜಾಲತಾಣ: ಎರವಲು ಜಾಗ

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಂಥ ಕಡೆ ಜನ ಆಗಲೇ ಸೇರಿದ್ದಾರೆ, ಪ್ರವೇಶ ಉಚಿತ. ಆದರೆ ನಿಮ್ಮನ್ನು ಹಿಂಬಾಲಿಸುವ ಎಲ್ಲರಿಗೂ ನಿಮ್ಮ ಪೋಸ್ಟ್ ತಲುಪುವುದಿಲ್ಲ. ಯಾರಿಗೆ ಯಾವುದನ್ನು ತೋರಿಸಬೇಕೆಂದು ಅಲ್ಗಾರಿದಂ ಆರಿಸುತ್ತದೆ, ಜನರನ್ನು ತನ್ನ ಜಾಗದಲ್ಲೇ ಹೆಚ್ಚು ಹೊತ್ತು ಉಳಿಸಿಕೊಳ್ಳುವುದು ಆ ಕಂಪನಿಗಳ ವ್ಯವಹಾರ. ವೇದಿಕೆಯೇ ಮುಚ್ಚಿಹೋಗುವುದೂ ಉಂಟು. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ನಿಂತಿತು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಅಲ್ಲಿ ವರ್ಷಗಟ್ಟಲೆ ಕಟ್ಟಿಕೊಂಡ ಬಳಗ ಒಂದೇ ದಿನದಲ್ಲಿ ಕೈಬಿಟ್ಟಿತು.

ಹಾಗೆಂದು ದೂರ ಇರಬೇಕಿಲ್ಲ. ನಿಮ್ಮ ಓದುಗರು ನಿಜವಾಗಿ ಇರುವ ಒಂದೆರಡು ಕಡೆ ಮಾತ್ರ ಇರಿ. ಬರೀ ಲಿಂಕ್ ಅಂಟಿಸುವ ಬದಲು ಲೇಖನದ ಒಂದು ಉಪಯುಕ್ತ ತುಣುಕನ್ನು ಅಲ್ಲೇ ಪೂರ್ತಿಯಾಗಿ ಕೊಡಿ. ಕೇಳಿದವರಿಗೆ ಉತ್ತರಿಸಿ. ಸಂಗ್ರಹ ಮಾತ್ರ ನಿಮ್ಮದೇ ತಾಣದಲ್ಲಿರಲಿ, ಸಾಧ್ಯವಾದರೆ ನಿಮ್ಮದೇ ಡೊಮೇನ್, ಅಂದರೆ ನೀವೇ ನೋಂದಾಯಿಸಿಕೊಂಡ ಜಾಲ ವಿಳಾಸದ ಹೆಸರಿನಡಿ. ಡೊಮೇನ್ ನಿಮ್ಮ ಹೆಸರಿನಲ್ಲಿದ್ದರೆ ನಾಳೆ ತಾಣಕ್ಕೆ ಜಾಗ ಕೊಡುವ ಹೋಸ್ಟಿಂಗ್ ಕಂಪನಿ ಬದಲಿಸಿದರೂ ವಿಳಾಸ ಬದಲಾಗದು.

ಇಮೇಲ್ ಪಟ್ಟಿ

ಇಮೇಲ್ 1971ರಿಂದ ಇರುವ ಹಳೆಯ ತಂತ್ರ, ಹೊಸತನದ ಹೊಳಪು ಅದಕ್ಕಿಲ್ಲ. ಆದರೂ ನಾಲ್ಕು ದಾರಿಗಳಲ್ಲಿ ನನಗೆ ಹೆಚ್ಚು ನಂಬಿಕೆ ಇದರ ಮೇಲೆ. ಕಾರಣ ಸರಳ: ವಿಳಾಸಗಳ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ಸೇವೆ ಕೊಡುವ ಕಂಪನಿ ಇಷ್ಟವಾಗದಿದ್ದರೆ ಪಟ್ಟಿಯನ್ನು ಇಳಿಸಿಕೊಂಡು ಇನ್ನೊಂದಕ್ಕೆ ಹೋಗಬಹುದು. ಯಾರಿಗೆ ತೋರಿಸಬೇಕೆಂದು ನಡುವೆ ನಿಂತು ಆರಿಸುವವರು ಇಲ್ಲ, ಸ್ಪ್ಯಾಮ್ ಸೋಸುವ ವ್ಯವಸ್ಥೆಯೊಂದನ್ನು ಬಿಟ್ಟರೆ.

ಪಟ್ಟಿ ಕಟ್ಟುವುದಕ್ಕೆ ಲೇಖನದ ಕೊನೆಯಲ್ಲಿ ಒಂದು ಸಣ್ಣ ಫಾರ್ಮ್ ಸಾಕು. ‘ನಮ್ಮ ಸುದ್ದಿಪತ್ರಕ್ಕೆ ಸೇರಿ’ ಎಂದಷ್ಟೇ ಬರೆದರೆ ಯಾಕೆ ಸೇರಬೇಕೆಂದು ಓದುಗರಿಗೆ ತಿಳಿಯುವುದಿಲ್ಲ. ‘ತಿಂಗಳಿಗೊಮ್ಮೆ, ಮನೆಯಲ್ಲೇ ಮಾಡಬಹುದಾದ ಒಂದು ಸೈಕಲ್ ರಿಪೇರಿ, ಚಿತ್ರ ಸಮೇತ’ ಎಂದರೆ ಏನು ಸಿಗುತ್ತದೆ, ಎಷ್ಟು ಸಲ ಬರುತ್ತದೆ ಎರಡೂ ಗೊತ್ತಾಗುತ್ತದೆ. ವಿಳಾಸ ಕೊಟ್ಟವರಿಗೆ ಖಚಿತಪಡಿಸುವ ಲಿಂಕ್ ಒಂದನ್ನು ಕಳಿಸಿ, ಒತ್ತಿದವರನ್ನಷ್ಟೇ ಸೇರಿಸುವ ಕ್ರಮಕ್ಕೆ ಡಬಲ್ ಆಪ್ಟ್‌ಇನ್ ಎನ್ನುತ್ತಾರೆ. ಪಟ್ಟಿ ಸ್ವಲ್ಪ ಚಿಕ್ಕದಾಗುತ್ತದೆ, ಆದರೆ ತಪ್ಪು ವಿಳಾಸಗಳೂ ಬೇರೆಯವರು ಹಾಕಿದ ವಿಳಾಸಗಳೂ ಒಳಗೆ ಬರುವುದಿಲ್ಲ.

ವಿಳಾಸಗಳ ಪಟ್ಟಿಯನ್ನು ದುಡ್ಡು ಕೊಟ್ಟು ಕೊಳ್ಳಲೇಬೇಡಿ. ಒಪ್ಪಿಗೆ ಇಲ್ಲದೆ ಬಂದ ಪತ್ರವನ್ನು ಜನ ಸ್ಪ್ಯಾಮ್ ಎಂದು ಗುರುತಿಸುತ್ತಾರೆ, ಆ ಗುರುತು ನಿಮ್ಮ ಡೊಮೇನ್‌ಗೇ ಅಂಟುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್‌ನಂಥ ಕಾನೂನುಗಳು ಜನರ ಮಾಹಿತಿಯನ್ನು ಬಳಸುವುದರ ಮೇಲೆ ಕಟ್ಟುನಿಟ್ಟಿನ ನಿಯಮ ಹಾಕಿವೆ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇನ್ನೂ ಬಿಗಿಯಾಗಿವೆ. ಪತ್ರ ನಿಜವಾಗಿ ನಿಮ್ಮಿಂದಲೇ ಬಂದಿದೆ ಎಂದು ತೋರಿಸುವ ಮೂರು ಏರ್ಪಾಡುಗಳಿವೆ. ನಿಮ್ಮ ಡೊಮೇನ್ ಹೆಸರಿನಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದು ಎಂದು ಹೇಳುವುದು ಎಸ್‌ಪಿಎಫ್. ಪತ್ರಕ್ಕೆ ಡಿಜಿಟಲ್ ಸಹಿ ಹಾಕುವುದು ಡಿಕಿಮ್. ಇವೆರಡೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಮೂರೂ ಕಡ್ಡಾಯ, ಒಂದೇ ಕ್ಲಿಕ್‌ನಲ್ಲಿ ಪಟ್ಟಿಯಿಂದ ಹೊರಬರುವ ಸೌಲಭ್ಯವೂ ಕಡ್ಡಾಯ. ಕಡಿಮೆ ಕಳಿಸುವವರಿಗೆ ಮೊದಲೆರಡರಲ್ಲಿ ಒಂದಾದರೂ ಬೇಕು. ಸುದ್ದಿಪತ್ರ ಸೇವೆಗಳು ಇದನ್ನು ಹೊಂದಿಸುವುದು ಹೇಗೆಂದು ಹಂತಹಂತವಾಗಿ ತೋರಿಸುತ್ತವೆ. ಒಮ್ಮೆ ಮಾಡಿಟ್ಟರೆ ಮುಗಿಯಿತು.

ಹೊರಹೋಗುವ ಲಿಂಕನ್ನು ಕಣ್ಣಿಗೆ ಕಾಣುವಂತೆ ಇಡಿ. ಅದನ್ನು ಬಚ್ಚಿಟ್ಟರೆ ಬೇಸತ್ತವರಿಗೆ ಉಳಿಯುವ ಗುಂಡಿ ‘ಸ್ಪ್ಯಾಮ್’ ಒಂದೇ.

ಅಳೆಯುವುದು

ಎಷ್ಟು ಜನ ಬಂದರು ಎಂಬ ಸಂಖ್ಯೆ ಕಣ್ಣಿಗೆ ಹಬ್ಬ, ಆದರೆ ಅದೊಂದರಿಂದ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ಬಂದವರಿಂದ ನಿಮಗೆ ಬೇಕಾದ ಕೆಲಸ ಯಾವುದು ಎಂದು ಮೊದಲು ನಿಶ್ಚಯಿಸಿ: ಇಮೇಲ್ ಪಟ್ಟಿಗೆ ಸೇರುವುದೋ, ವಸ್ತು ಕೊಳ್ಳುವುದೋ, ವಿಚಾರಿಸಿ ಬರೆಯುವುದೋ. ಬಂದವರಲ್ಲಿ ಎಷ್ಟು ಪಾಲು ಆ ಕೆಲಸ ಮಾಡಿದರು ಎಂಬುದಕ್ಕೆ ಕನ್ವರ್ಷನ್ ದರ ಎನ್ನುತ್ತಾರೆ. ಒಂದು ಪುಟಕ್ಕೆ 1,000 ಜನ ಬಂದು 5 ಜನ ಪಟ್ಟಿಗೆ ಸೇರಿದರು, ಇನ್ನೊಂದಕ್ಕೆ 200 ಜನ ಬಂದು 10 ಜನ ಸೇರಿದರು ಎಂದಾದರೆ, ಮುಂದಿನ ಲೇಖನ ಎರಡನೆಯದರ ಜಾಡಿನಲ್ಲಿರಬೇಕು.

ಸರ್ಚ್ ಕನ್ಸೋಲ್ ಯಾವ ಹುಡುಕಾಟಕ್ಕೆ ನಿಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟು ಸಲ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಎಂಬುದನ್ನು 16 ತಿಂಗಳ ಹಿಂದಿನವರೆಗೆ ತೋರಿಸುತ್ತದೆ. ಹೆಚ್ಚು ಸಲ ಕಂಡು ಕಡಿಮೆ ಸಲ ಒತ್ತಿದ ಪುಟಗಳನ್ನು ಹುಡುಕಿ. ಸ್ಥಾನ ಚೆನ್ನಾಗಿದ್ದೂ ಒತ್ತುತ್ತಿಲ್ಲವೆಂದರೆ ಶೀರ್ಷಿಕೆ ಸೆಳೆಯುತ್ತಿಲ್ಲ, ಅಥವಾ ಎಐ ಉತ್ತರವೇ ಸಾಕಾಗುತ್ತಿದೆ. ಸ್ಥಾನ ಹತ್ತರಿಂದ ಇಪ್ಪತ್ತರ ನಡುವೆ ಇದ್ದರೆ ಹೊಸ ಲೇಖನ ಬರೆಯುವುದಕ್ಕಿಂತ ಆ ಹಳೆಯದನ್ನೇ ತುಂಬಿ, ತಿದ್ದಿ, ಹೊಸ ಚಿತ್ರ ಸೇರಿಸುವುದು ಹೆಚ್ಚು ಫಲ ಕೊಡಬಹುದು. ವಿಳಾಸ ಮಾತ್ರ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ಶಾಶ್ವತ ರೀಡೈರೆಕ್ಟ್, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ಏರ್ಪಾಡು ಹಾಕಿ.

ತಾಣದೊಳಗೆ ಓದುಗರು ಏನು ಮಾಡಿದರು ಎಂದು ನೋಡಲು ಗೂಗಲ್ ಅನಾಲಿಟಿಕ್ಸ್‌ನಂಥ ಸೇವೆ ಬೇಕು. ನೀವು ಹಂಚುವ ಲಿಂಕ್‌ನ ಬಾಲಕ್ಕೆ ಯುಟಿಎಂ ಎಂಬ ಸಣ್ಣ ಗುರುತು ಸೇರಿಸಿದರೆ, ಬಂದವರು ಸುದ್ದಿಪತ್ರದಿಂದಲೋ ಫೇಸ್‌ಬುಕ್‌ನಿಂದಲೋ ಎಂದು ಬೇರೆಬೇರೆಯಾಗಿ ಕಾಣುತ್ತದೆ. ಇಮೇಲ್ ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಅದು ಪತ್ರದೊಳಗಿನ ಅಗೋಚರ ಚಿತ್ರವೊಂದು ಲೋಡ್ ಆಗುವುದನ್ನು ಎಣಿಸಿ ಬರುವ ಲೆಕ್ಕ. 2021ರಿಂದ ಆಪಲ್‌ನ ಮೇಲ್ ಆ್ಯಪ್, ಖಾಸಗಿತನದ ಸೌಲಭ್ಯ ಒಪ್ಪಿಕೊಂಡವರ ವಿಷಯದಲ್ಲಿ, ಓದುಗರು ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುತ್ತದೆ. ಎಷ್ಟು ಜನ ಲಿಂಕ್ ಒತ್ತಿದರು, ಎಷ್ಟು ಜನ ಮರುಪತ್ರ ಬರೆದರು ಎಂಬುದು ಅದಕ್ಕಿಂತ ನಂಬಿಕೆಗೆ ಅರ್ಹ.

ಜಾಹೀರಾತಿಗೆ ಹಣ ಹಾಕುವ ಮುನ್ನ

ಹುಡುಕಾಟದ ಜಾಹೀರಾತು ಒಂದು ಹರಾಜು. ಯಾವ ಪದಕ್ಕೆ ಕಾಣಬೇಕು, ಒಂದು ಕ್ಲಿಕ್‌ಗೆ ಗರಿಷ್ಠ ಎಷ್ಟು ಕೊಡುತ್ತೀರಿ ಎಂದು ಹೇಳುತ್ತೀರಿ. ಹೆಚ್ಚು ಕೂಗಿದವರಿಗೇ ಜಾಗ ಸಿಗುತ್ತದೆ ಎಂದಿಲ್ಲ. ಜಾಹೀರಾತು ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹಣ ಹಾಕಬೇಕೋ ಬೇಡವೋ ಎಂಬುದಕ್ಕೆ ಹಿಂದಿನ ಭಾಗದ ಕನ್ವರ್ಷನ್ ದರವೇ ಉತ್ತರ. 100 ಕ್ಲಿಕ್‌ಗೆ ಇಬ್ಬರು ಕೊಳ್ಳುತ್ತಾರೆ ಎಂದರೆ ಒಬ್ಬ ಗ್ರಾಹಕರಿಗೆ 50 ಕ್ಲಿಕ್‌ಗಳ ಖರ್ಚು ಬೀಳುತ್ತದೆ. ಒಂದು ಮಾರಾಟದ ಲಾಭ ಅದನ್ನು ಮೀರದಿದ್ದರೆ ಪ್ರತಿ ಗ್ರಾಹಕರ ಮೇಲೂ ನಷ್ಟ. ಬರೀ ಓದಿಸುವ ಬ್ಲಾಗ್‌ಗೆ, ಮಾರಲು ಏನೂ ಇಲ್ಲದಿದ್ದಾಗ, ಈ ಲೆಕ್ಕ ಕೂಡುವುದು ಅಪರೂಪ. ಜಾಹೀರಾತು ನಿಲ್ಲಿಸಿದ ದಿನ ಅದರಿಂದ ಬರುತ್ತಿದ್ದವರೂ ನಿಲ್ಲುತ್ತಾರೆ. ಆದ್ದರಿಂದ ಹಣ ಕೊಟ್ಟು ಕರೆಸುವುದಾದರೆ ಮುಖಪುಟಕ್ಕೆ ಕರೆಸಬೇಡಿ. ಹುಡುಕಾಟದಿಂದ ಬಂದವರನ್ನು ಈಗಾಗಲೇ ಇಮೇಲ್ ಪಟ್ಟಿಗೋ ಖರೀದಿಗೋ ಒಯ್ಯುತ್ತಿರುವ ಪುಟವೊಂದು ನಿಮ್ಮಲ್ಲಿದ್ದರೆ, ಅದಕ್ಕೇ ಕರೆಸಿ. ಅಂಥ ಪುಟ ಇನ್ನೂ ಇಲ್ಲವೆಂದರೆ ಜಾಹೀರಾತಿನ ಹಣ ಸದ್ಯಕ್ಕೆ ಜೇಬಿನಲ್ಲೇ ಇರಲಿ.